ಹಕ್ಕಿಕೋವಿಯ ಆಯ್ಕೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ತಾಲ್ಲೂಕುಗಳ ಬೋಳುಗುಡ್ಡಗಳ ತಪ್ಪಲಿನಲ್ಲಿ, ರಾಗಿ ಹುರುಳಿಗಳ ಹೊಲದಂಚಿನ ಕುರುಚಲಿನಲ್ಲಿ, ಮುಂಜಾನೆ ಕೌಜುಗದ ಕೂಗು ಕಿವಿಗೆ ಬೀಳುತ್ತದೆ. ಮಣ್ಣಿನ ಬಣ್ಣವನ್ನೇ ಮೈಗೆ ಬಳಿದುಕೊಂಡಂತಿರುವ ಈ ಹಕ್ಕಿಗೆ ಹಾರುವುದಕ್ಕಿಂತ ಓಡುವುದೇ ಮೆಚ್ಚು. ತೀರ ಸಮೀಪಿಸಿದಾಗ ಮಾತ್ರ ಭರ್ರನೆ ಮೇಲೆದ್ದು, ತುಸು ದೂರ ತೇಲಿ, ಮತ್ತೊಂದು ಪೊದೆಯನ್ನು ಹೊಗುತ್ತದೆ. ಬೇಟೆಗೆ ಪರವಾನಗಿ ದೊರೆಯುತ್ತಿದ್ದ ದಿನಗಳಲ್ಲಿ ಬಲ್ಲವರು ಕೋವಿಯನ್ನು ಆರಿಸುತ್ತಿದ್ದುದು ಈ ಹಾರಾಟವನ್ನು ನೋಡಿಯೇ ಹೊರತು ಅಂಗಡಿಯವರ ಹೊಗಳಿಕೆಯನ್ನು ಕೇಳಿಯಲ್ಲ.

ಕೋವಿಗೆ ಹನ್ನೆರಡು ಬೋರ್, ಇಪ್ಪತ್ತು ಬೋರ್ ಎಂಬ ಹೆಸರು ಬಂದುದು ಸೀಸದ ಲೆಕ್ಕದಿಂದ. ಒಂದು ಪೌಂಡು ಸೀಸವನ್ನು ಸಮನಾದ 12 ಗುಂಡುಗಳಾಗಿ ಎರಕ ಹೊಯ್ದರೆ, ಅವುಗಳಲ್ಲೊಂದು ಯಾವ ನಳಿಗೆಗೆ ಸರಿಹೊಂದುವುದೋ ಅದು 12 ಬೋರ್. ಆದುದರಿಂದ ಅಂಕಿ ಹಿರಿದಾದಷ್ಟೂ ನಳಿಗೆ ಕಿರಿದು. 12 ಬೋರಿನ ಒಳವ್ಯಾಸ ಸುಮಾರು 18.5 ಮಿಲಿಮೀಟರ್, 20 ಬೋರಿನದು 15.6. ಎರಡನೆಯದು ಹೆಗಲಿಗೆ ಹಗುರವಾದರೂ ಅದರ ತೋಟಾದಲ್ಲಿ ಚರೆ ಕಡಿಮೆ.

ನಳಿಗೆಯ ತುದಿಯನ್ನು ಒಂದಿಷ್ಟು ಬಿಗಿಗೊಳಿಸುವ ಏರ್ಪಾಡಿಗೆ ಚೋಕ್ ಎಂದು ಹೆಸರು. ನಲವತ್ತು ಗಜ ದೂರದಲ್ಲಿ ಮೂವತ್ತು ಅಂಗುಲದ ವೃತ್ತವೊಂದನ್ನು ಬರೆದು ಹೊಡೆದರೆ, ಬಿಗಿಯಿಲ್ಲದ ನಳಿಗೆಯ ಚರೆಗಳಲ್ಲಿ ನೂರಕ್ಕೆ ಸುಮಾರು 40 ಆ ವೃತ್ತದೊಳಗೆ ಬೀಳುತ್ತವೆ. ಪೂರ್ಣ ಬಿಗಿಯ ನಳಿಗೆಯಲ್ಲಿ ಸುಮಾರು 70. ಎಪ್ಪತ್ತೇ ಮೇಲೆಂದು ಹೊಸಬನಿಗೆ ತೋರುವುದು ಸಹಜ. ಆದರೆ ಕೌಜುಗ ಏಳುವುದು ಕಾಲಬುಡದಲ್ಲಿ. ಅಷ್ಟು ಸಮೀಪದಲ್ಲಿ ಬಿಗಿನಳಿಗೆಯ ಚರೆ ಹರಡುವುದೇ ಇಲ್ಲ. ಗುರಿ ತಪ್ಪಿದರೆ ಪೂರ್ತಿ ತಪ್ಪಿತು, ತಗುಲಿದರೆ ಹಕ್ಕಿ ಚಿಂದಿಯಾಯಿತು. ಅದಕ್ಕಾಗಿಯೇ ಜೋಡುನಳಿಗೆಯಲ್ಲಿ ಮೊದಲ ಹೊಡೆತಕ್ಕೆ ಸಡಿಲ ನಳಿಗೆಯನ್ನೂ, ದೂರ ಸರಿದ ಹಕ್ಕಿಗೆ ಬಿಗಿನಳಿಗೆಯನ್ನೂ ಇರಿಸುತ್ತಿದ್ದುದು. ಚರೆಯಾದರೋ ಇಂಗ್ಲಿಷ್ ಅಳತೆಯ 6 ಅಥವಾ 7ನೆಯ ನಂಬರು. 6ನೆಯದು ಔನ್ಸಿಗೆ ಸುಮಾರು 270. ಕೊನೆಯ ಪರೀಕ್ಷೆ ಇನ್ನೂ ಸರಳ: ಕಣ್ಣು ಮುಚ್ಚಿ ಕೋವಿಯನ್ನು ಹೆಗಲಿಗೇರಿಸಿ, ಬಳಿಕ ಕಣ್ಣು ತೆರೆದಾಗ ದೃಷ್ಟಿ ನಳಿಗೆಯ ಮೇಲೆ ನೇರವಾಗಿ ಹರಿಯಬೇಕು.

ಈ ಜ್ಞಾನವೆಲ್ಲ ಇಂದು ಯಾವ ಪ್ರಯೋಜನಕ್ಕೆ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ಕಟ್ಟುನಿಟ್ಟಾದ ಪರವಾನಗಿಗೆ ಒಳಪಡಿಸಿತು. 1991ರ ತಿದ್ದುಪಡಿ ಆ ಪರವಾನಗಿಗಳನ್ನೇ ತೆಗೆದುಹಾಕಿತು. ಕೌಜುಗವನ್ನು ಕೋವಿಯಿಂದ ಹೊಡೆದರೂ ಉರುಲಿನಿಂದ ಹಿಡಿದರೂ ಅಪರಾಧವೇ. ಕೋವಿಯ ಲೈಸೆನ್ಸ್ ಬೇಟೆಯ ಲೈಸೆನ್ಸಲ್ಲ ಎಂಬುದನ್ನು ಅನೇಕರು ಮರೆಯುತ್ತಾರೆ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿಯುಂಟು. 2019ರ ಆದೇಶ ಅದನ್ನು 2029ರವರೆಗೆ ಮುಂದುವರಿಸಿದೆ. ಆದರೆ ಬೇಟೆಯ ನಿಷೇಧದಿಂದ ಅವರಿಗೂ ವಿನಾಯಿತಿಯಿಲ್ಲ.

ಹಾಗಿದ್ದೂ ಹಳೆಯ ಮನೆಗಳಲ್ಲಿ ಅಜ್ಜನ ಕಾಲದ ಕೋವಿಗಳು ಉಳಿದಿರುವುದುಂಟು. ಮನೆಯ ಹಿರಿಯರು ತೀರಿಕೊಂಡಾಗ ಹೊಲ ಮನೆಗಳ ಖಾತೆಯ ಮಾತು ಬರುತ್ತದೆ; ಕೋವಿಯ ಮಾತು ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಹಿರಿಯರ ಲೈಸೆನ್ಸ್ ಮಕ್ಕಳಿಗೆ ತಾನಾಗಿ ಬರುವ ಆಸ್ತಿಯಲ್ಲ. ಕೋವಿಯನ್ನು ತಡಮಾಡದೆ ಪೊಲೀಸ್ ಠಾಣೆಯಲ್ಲಾಗಲಿ ಲೈಸೆನ್ಸುಳ್ಳ ವ್ಯಾಪಾರಿಯಲ್ಲಾಗಲಿ ಒಪ್ಪಿಸಿ ರಸೀತಿ ಪಡೆದು, ಬೇಕೆನಿಸಿದರೆ ವಾರಸುದಾರನು ತನ್ನ ಹೆಸರಿನಲ್ಲಿ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಹಾಗೆ ಮಾಡದೆ ಅಟ್ಟದ ಮೇಲಿರಿಸಿದರೆ, ಯಾವ ದುರುದ್ದೇಶವೂ ಇಲ್ಲದ ಸಂಸಾರವೊಂದು ಕಾನೂನಿನ ಕಣ್ಣಿಗೆ ತಪ್ಪಿತಸ್ಥವಾಗುತ್ತದೆ. ತುಂಬಿದ ಕೋವಿ ಮಕ್ಕಳ ಕೈಗೆ ಸಿಕ್ಕಿದರಂತೂ ಅನಾಹುತಕ್ಕೆ ಮಿತಿಯೇ ಇಲ್ಲ.

ಗುರಿಯ ವಿದ್ಯೆಯೇ ಬೇಕೆನ್ನುವವರಿಗೆ ಅಡ್ಡಿಯೇನೂ ಇಲ್ಲ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ರಾಜ್ಯವರ್ಧನ ಸಿಂಗ್ ರಾಠೋಡ್ ಬೆಳ್ಳಿಯ ಪದಕ ಗೆದ್ದುದು ಇದೇ 12 ಬೋರಿನ ಕೋವಿಯಿಂದ, ಗಾಳಿಗೆಸೆದ ಬಿಲ್ಲೆಗಳನ್ನು ಹೊಡೆದು. ಕೋವಿಯನ್ನು ಆರಿಸಲು ಹೊರಟ ಹಿಂದಿನವರು ಮೊದಲು ಹಕ್ಕಿಯನ್ನು ಅರಿಯಬೇಕಾಗಿತ್ತು: ಅದು ಎಲ್ಲಿ ಮೇಯುತ್ತದೆ, ಯಾವ ಹೊತ್ತಿಗೆ ಕೂಗುತ್ತದೆ, ಎಷ್ಟು ದೂರಕ್ಕೆ ಹಾರುತ್ತದೆ ಎಂದು. ಆ ಅರಿವಿಗೆ ಮಾತ್ರ ಯಾವ ಲೈಸೆನ್ಸೂ ಬೇಡ. ಅಜ್ಜನಿಂದ ಮೊಮ್ಮಗನಿಗೆ ದಾಟಬೇಕಾದುದು ಅದೇ.