ಗುಳಿಗೆ ಕೊಟ್ಟರೆ ಸಾಲದು, ಎರಡು ಮಾತೂ ಬೇಕು

ಮದುವೆಯಾಗಿ ವರ್ಷ ತುಂಬುವುದೇ ತಡ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರೂ ಕೇಳುವುದು ಒಂದೇ ಪ್ರಶ್ನೆ: "ಏನಮ್ಮಾ, ಇನ್ನೂ ಏನೂ ವಿಶೇಷ ಇಲ್ವಾ?" ಈ ಪ್ರಶ್ನೆ ಸೊಸೆಗೇ ಹೊರತು ಮಗನಿಗಲ್ಲ. ಘಾಟಿ ಸುಬ್ರಹ್ಮಣ್ಯದಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸಿ, ಶನಿವಾರ ನಮ್ಮ ಚಿಕ್ಕಮಧುರೆಯ ಶನಿಮಹಾತ್ಮನಿಗೆ ದೀಪ ಹಚ್ಚಿ ಬರುವವರಿದ್ದಾರೆ. ಹರಕೆ ಬೇಡ ಎನ್ನುವವರು ನಾವಲ್ಲ. ಹರಕೆಯ ಜೊತೆಗೆ ಪರೀಕ್ಷೆಯೂ ಆಗಬೇಡವೇ?

ಡಾಕ್ಟರ ಬಳಿ ಹೋಗಲು ನಾಚಿಕೆ. ದೊಡ್ಡಬಳ್ಳಾಪುರಕ್ಕೋ ಬೆಂಗಳೂರಿಗೋ ಹೋದರೆ ಒಂದು ದಿನದ ಕೂಲಿ ಖೋತಾ. ಹಾಗಾಗಿ ಹಲವರು ಮೊದಲು ಮೆಟ್ಟಿಲು ಹತ್ತುವುದು ಮೆಡಿಕಲ್ ಸ್ಟೋರಿನದು. ಅಲ್ಲಿ ನಾಲ್ಕು ಜನ ನಿಂತಿದ್ದರೆ ಅದಕ್ಕೂ ಬಾಯಿ ಬರುವುದಿಲ್ಲ.

ಇಂಥ ಹೊತ್ತಿನಲ್ಲಿ ಫಾರ್ಮಸಿಸ್ಟರು ಮಾಡಬಹುದಾದ ಉಪಕಾರ ಸಣ್ಣದಲ್ಲ. ತಡೆ ಏನೂ ಇಲ್ಲದೆ ಒಂದು ವರ್ಷವಾದರೂ ಗರ್ಭ ನಿಲ್ಲದಿದ್ದರೆ ಡಾಕ್ಟರನ್ನು ಕಾಣಿ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಿ ಎಂದು ಹೇಳಬಹುದು. ಗರ್ಭಕ್ಕೆ ಮುಂಚಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಬೇಕೆಂದು ತಿಳಿಸಬಹುದು. ಮೈ ಉಬ್ಬಿಸಲು ಜಿಮ್ಮಿನ ಹುಡುಗರು ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟೆರಾನ್ ವೀರ್ಯಾಣುವನ್ನೇ ಇಳಿಸುತ್ತದೆಂದು ಎಚ್ಚರಿಸಬಹುದು. ಬೀಡಿ, ಸಿಗರೇಟೂ ಒಳ್ಳೆಯದಲ್ಲ. ಡಾಕ್ಟರು ಬರೆದ ಕೆಲವು ಹಾರ್ಮೋನ್ ಇಂಜೆಕ್ಷನ್ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಬಿಸಿಲಲ್ಲಿ ಬಸ್ಸು ಹತ್ತುವವರಿಗೆ ಅದನ್ನು ಐಸಿಗೆ ನೇರ ತಾಗದಂತೆ ಡಬ್ಬಿಯಲ್ಲಿಟ್ಟು ಕೊಡುವುದೂ ಸೇವೆಯೇ.

ಮಾಡಬಾರದ್ದೂ ಒಂದಿದೆ. "ಪಕ್ಕದ ಮನೆಯವಳಿಗೆ ಇದರಿಂದಲೇ ಆಯ್ತಂತೆ" ಎಂದು ಕ್ಲೋಮಿಫೀನ್ ಗುಳಿಗೆ ಕೇಳಿದರೆ ಚೀಟಿಯಿಲ್ಲದೆ ಕೊಡಕೂಡದು. ಅವಳಿ ಜವಳಿ ನಿಲ್ಲಬಹುದು, ಅಂಡಾಶಯ ಊದಬಹುದು. ಗಂಡನಲ್ಲೇ ದೋಷವಿದ್ದರೆ ಹೆಂಡತಿ ನುಂಗಿದ ಗುಳಿಗೆಯಿಂದ ಏನು ಫಲ?

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದಂತೆ ಜಗತ್ತಿನಲ್ಲಿ ಸುಮಾರು ಆರು ಜನಕ್ಕೆ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಈ ತೊಂದರೆ ಕಾಣುತ್ತಾರೆ. ಹೆಚ್ಚುಕಡಿಮೆ ಅರ್ಧ ಪ್ರಕರಣಗಳಲ್ಲಿ ಗಂಡಸಿನ ಪಾಲೂ ಇರುತ್ತದೆ. ವೀರ್ಯ ಪರೀಕ್ಷೆ ಹೆಂಗಸಿನ ತಪಾಸಣೆಗಳಿಗಿಂತ ಎಷ್ಟೋ ಸುಲಭ. ಆದರೂ ಗಂಡ ಲ್ಯಾಬಿಗೆ ಹೋಗಲೊಲ್ಲ!

1948ರ ಫಾರ್ಮಸಿ ಕಾಯಿದೆಯ ಪ್ರಕಾರ ಚೀಟಿಯ ಔಷಧ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟರು. ರೋಗಿಗೆ ತಿಳಿಹೇಳುವುದೂ ಅವರ ಕರ್ತವ್ಯವೆಂದು 2015ರ ನಿಯಮಾವಳಿ ಹೇಳುತ್ತದೆ. ಗೋಡೆಯ ಮೇಲೆ ಸರ್ಟಿಫಿಕೇಟು ತೂಗಿಬಿಟ್ಟು, ಗಲ್ಲಾದ ಮುಂದೆ ಎಸ್ಸೆಸ್ಸೆಲ್ಸಿ ಹುಡುಗನನ್ನು ನಿಲ್ಲಿಸಿದರೆ ಈ ಕೆಲಸ ಆದೀತೆ? ಔಷಧ ನಿಯಂತ್ರಣ ಇಲಾಖೆಯವರು ಇತ್ತ ಕಣ್ಣು ಹಾಯಿಸಬೇಕು. ಅಂಗಡಿ ಮಾಲೀಕರು ಮೂಲೆಯಲ್ಲಿ ಎರಡು ಕುರ್ಚಿ ಹಾಕಿ, ಗುಟ್ಟಾಗಿ ಮಾತಾಡಲು ಜಾಗ ಮಾಡಿಕೊಡಲಿ. ಅದಕ್ಕೆ ದೊಡ್ಡ ಬಂಡವಾಳವೇನೂ ಬೇಡ.

ಮನೆಯ ಹಿರಿಯರಿಗೂ ಒಂದು ಮಾತು: ಸೊಸೆಯ ಮೇಲೆ ಗೂಬೆ ಕೂರಿಸುವ ಮುಂಚೆ ಮಗನನ್ನೂ ಪರೀಕ್ಷೆಗೆ ಕಳಿಸಿ.