ಎಣಿಕೆಯೋ, ತೂಕವೋ?

ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ರೈತರಿಗೂ ನ್ಯಾನೊ ಯೂರಿಯಾ ಈಗ ಹೊಸತಲ್ಲ. 2021ರಲ್ಲಿ ಅದನ್ನು ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ಸೇರಿಸಿದಾಗ ವಿಧಿಸಿದ ನಿಬಂಧನೆಗಳಲ್ಲೊಂದು: ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ವಸ್ತುವಿನ ಕನಿಷ್ಠ ಶೇ 50 ಭಾಗವು 20ರಿಂದ 50 ನ್ಯಾನೊಮೀಟರ್ ಗಾತ್ರದಲ್ಲಿರಬೇಕು.

ಈ ಶೇ 50 ಎಣಿಕೆಯಲ್ಲೋ, ತೂಕದಲ್ಲೋ? ಚಿತ್ರದಲ್ಲಿ 25 ನ್ಯಾನೊಮೀಟರಿನ ಒಂಬತ್ತು ಗುಂಡು ಕಣಗಳೂ 100 ನ್ಯಾನೊಮೀಟರಿನ ಒಂದು ಕಣವೂ ಇವೆಯೆನ್ನೋಣ. ಎಣಿಸಿದರೆ ಶೇ 90 ನಿಯಮದೊಳಗೆ. ತೂಗಿದರೆ ಸುಮಾರು ಶೇ 12 ಮಾತ್ರ. ವ್ಯಾಸ ನಾಲ್ಕು ಪಟ್ಟಾದರೆ ತೂಕ 64 ಪಟ್ಟಾಗುತ್ತದೆ. ಯುರೋಪಿಯನ್ ಆಯೋಗವು ತನ್ನ 2011ರ ವ್ಯಾಖ್ಯೆಯಲ್ಲಿ ಎಣಿಕೆಯೆಂದೇ ಸ್ಪಷ್ಟಪಡಿಸಿತ್ತು.

ಬಾಟಲಿಯ ಗುಣಮಟ್ಟವನ್ನು ಪ್ರಶ್ನಿಸುವ ರೈತನು ಪ್ರಯೋಗಾಲಯದ ವರದಿಯಲ್ಲಿ ಮೊದಲು ನೋಡಬೇಕಾದುದು ಇಷ್ಟೇ: ಎಷ್ಟು ಕಣಗಳನ್ನು ಅಳೆದರು, ಯಾವ ಲೆಕ್ಕದಲ್ಲಿ?