ವಾರ್ಡಿಗೆ ಹೊಣೆಗಾರರು ಬೇಕು



ಜಾಲಹಳ್ಳಿಯಲ್ಲಿ ಬೀದಿದೀಪ ಕೆಟ್ಟರೆ ಅಪಾರ್ಟ್‌ಮೆಂಟ್ ಸಂಘದವರು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಹಾಕಿ, ಎಂಜಿನಿಯರಿಗೆ ಫೋನ್ ಮಾಡಿ ಕೆಲಸ ಮಾಡಿಸಿಕೊಳ್ಳುತ್ತಾರೆ. ಸಂತೋಷವೇ, ಹೊಟ್ಟೆಕಿಚ್ಚಿಲ್ಲ. ಆದರೆ ಪಕ್ಕದ ವಠಾರದ ಬಾಡಿಗೆದಾರರು ಮೋರಿ ಕಟ್ಟಿಕೊಂಡು ಕೊಳಚೆ ಹೊಸ್ತಿಲಿಗೆ ಬಂದರೂ ಯಾರನ್ನು ಕೇಳಬೇಕೆಂದು ತಿಳಿಯದೆ ಒದ್ದಾಡುತ್ತಾರೆ.

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ (ಬಿಬಿಎಂಪಿ) ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಐದಾಯಿತು, ಆಗಲೂ ಕಾರ್ಪೊರೇಟರ್‌ಗಳಿರಲಿಲ್ಲ. ಸಂಘಗಳು ಒತ್ತಡ ತರಬಹುದು. ವಾರ್ಡಿನ ಎಲ್ಲರಿಗೂ ಉತ್ತರ ಕೊಡಬೇಕಾದವರು ಚುನಾಯಿತರೇ.

ವಾರ್ಡ್ ಸಮಿತಿ ಸಭೆ ತಿಂಗಳಿಗೊಮ್ಮೆ, ದುಡಿಯುವವರಿಗೂ ಬಿಡುವಿರುವ ಭಾನುವಾರ, ಬಹಿರಂಗವಾಗಿ ನಡೆಯಲಿ. ಬಾಡಿಗೆದಾರರಿಗೂ ಬೀದಿ ವ್ಯಾಪಾರಿಗಳಿಗೂ ಅಲ್ಲಿ ಮಾತನಾಡಲು ಅವಕಾಶವಿರಲಿ. ಪಾಲಿಕೆ ಚುನಾವಣೆಗಳನ್ನು ಹೀಗೆ ವರ್ಷಗಟ್ಟಲೆ ಮುಂದೂಡುವುದನ್ನು ಸರ್ಕಾರ ಇನ್ನಾದರೂ ಬಿಡಬೇಕು.

– ಓರ್ವ ನಿವಾಸಿ, ಜಾಲಹಳ್ಳಿ, ಬೆಂಗಳೂರು